ನಾಲ್ಕನೇ ರ‍್ಯಾಂಕಿನ ಹುಡುಗಿ

ಅಮೆರಿಕಾದಲ್ಲಿ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡೋ ಹುಡುಗಿಯರಿಗೂ ರ‍್ಯಾಂಕ್ ಕೊಡ್ತಾರೆ! ಅದನ್ನು ನೋಡಿಯೇ ಕಾಲೇಜುಗಳು ಮುಗಿಬೀಳೋದು. ಇಎಸ್‌ಪಿಎನ್‌ನವರ 2020ರ ಪಟ್ಟಿಯಲ್ಲಿ ಪೇಜ್ ಬೆಕರ್ಸ್ ಮೊದಲು, ಕೇಟ್ಲಿನ್ ಕ್ಲಾರ್ಕ್ ನಾಲ್ಕನೆಯವಳು. 2024ರಲ್ಲಿ ಗಂಡುಹುಡುಗರ ದಾಖಲೆಯನ್ನೂ ದಾಟಿ 3,951 ಅಂಕ ಗಳಿಸಿ ಕಾಲೇಜು ಮುಗಿಸಿದ್ದು ಆ ನಾಲ್ಕನೆಯವಳೇ... ಹಾಗಂತ ಪಟ್ಟಿ ಸುಳ್ಳೇನಲ್ಲ. 2025ರಲ್ಲಿ ಬೆಕರ್ಸ್ ತಂಡ ಚಾಂಪಿಯನ್ ಆಯ್ತು.

ನಮ್ಮ ಲಿಂಗದಹಳ್ಳಿ ಕಡೆ ಹೋಬಳಿ ಕ್ರೀಡಾಕೂಟದಲ್ಲಿ ಖೋಖೋ, ಕಬಡ್ಡಿ ಗೆದ್ದವರಿಗೆ ಸಿಗೋದು ಒಂದು ಸರ್ಟಿಫಿಕೇಟ್. ಎಸ್ಸೆಸ್ಸೆಲ್ಸಿ ಆದಮೇಲೆ ಆ ಹುಡುಗಿಯರ ಆಟ ಏನಾಯ್ತು ಅಂತ ಕೇಳೋರಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಿಕೆಟ್ ಕಲಿಯೋಕೆ ಬೆಂಗಳೂರಿಗೆ ಹೋದರು. 2011ರಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯದಲ್ಲೇ 51 ಹೊಡೆದರು. ಹೋಗೋಕಾಗದೆ ಊರಲ್ಲೇ ಉಳಿದವರೆಷ್ಟೋ!

ರ‍್ಯಾಂಕ್ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ, ಯಾರಾದ್ರೂ ಬಂದು ಆಟ ನೋಡಿ ಹೆಸರು ಬರೆದುಕೊಳ್ಳಲಿ. ನೀವೇನಂತೀರಿ?