ನೆರಳು ಕಳೆದ ಮೇಲೆ ಕಾಣುವ ನೆಲ

ಕೂಡ್ಲಿಗಿಯಿಂದ ಗುಡೇಕೋಟೆಯತ್ತ ಹೋಗುವಾಗ ಮಡಿಲಲ್ಲೊಂದು ಚಿತ್ರ ಬಿಚ್ಚಿಟ್ಟುಕೊಂಡಿದ್ದೆ. ಲ್ಯಾಂಡ್‌ಸ್ಯಾಟ್-8 ಉಪಗ್ರಹ ಕಂಡ ಇದೇ ಸೀಮೆ. ಗುಡ್ಡಗಳಿಗೆ ನೇರಳೆ, ಹೊಲಗಳಿಗೆ ಹಳದಿ. ಕಣ್ಣಿಗೆ ಎಂದೂ ಬೀಳದ ಬಣ್ಣಗಳು!

ಆ ಬಣ್ಣಗಳು ಲೆಕ್ಕದಿಂದ ಹುಟ್ಟಿದವು. 30 ಮೀಟರ್ ಚೌಕದ ಪ್ರತಿ ತುಣುಕು ನೆಲಕ್ಕೂ ಆರು ಸಂಖ್ಯೆಗಳು: ನೀಲಿ, ಹಸಿರು, ಕೆಂಪು, ಜೊತೆಗೆ ನಮಗೆ ಕಾಣದ ಮೂರು ಅವಕೆಂಪು ಪಟ್ಟಿಗಳು. ಬಿಸಿಲು ಬಿದ್ದ ಇಳಿಜಾರಿನಲ್ಲಿ ಆರೂ ಏರುತ್ತವೆ, ನೆರಳಿನಲ್ಲಿ ಆರೂ ಇಳಿಯುತ್ತವೆ. ಕಾರ್ಲ್ ಪಿಯರ್‌ಸನ್ 1901ರಲ್ಲಿ ತೋರಿಸಿದ, ಹೆರಾಲ್ಡ್ ಹೊಟೆಲಿಂಗ್ 1933ರಲ್ಲಿ ಬೆಳೆಸಿದ ಪ್ರಧಾನ ಘಟಕ ವಿಶ್ಲೇಷಣೆ ಈ ಸಮಾನ ಏರಿಳಿತವನ್ನು ಮೊದಲ ಘಟಕದಲ್ಲಿ ಸೋಸಿ ಬದಿಗಿಡುತ್ತದೆ. ಉಳಿದ ಸಣ್ಣ ವ್ಯತ್ಯಾಸಗಳಲ್ಲಿ ಕಲ್ಲು ಮಣ್ಣುಗಳ ಗುಣ ಅಡಗಿರುತ್ತದೆ. ಅವಕ್ಕೆ ಬಣ್ಣ ಹಚ್ಚಿದ್ದೇ ನನ್ನ ಮಡಿಲ ಚಿತ್ರ.

ಗುಡೇಕೋಟೆಯಲ್ಲಿ ಕರಡಿಗಳ ಮನೆಯಾದ ಬಂಡೆರಾಶಿಗಳು ಎದುರಾದವು. ರಾಮನಗರದಿಂದ ಹಂಪಿಯ ಕಡೆಗೆ ಚಾಚಿದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಸಾಲಿನ ಸೀಮೆಯಿದು. ಬೆಳಕಿನ ಮೈಯೂ ನೆರಳಿನ ಮೈಯೂ ಚಿತ್ರದಲ್ಲಿ ಒಂದೇ ನೇರಳೆ! ಬಂಡೆ ಮುಟ್ಟಿ ನೋಡಿ ಮೈ ಜುಮ್ಮೆಂದಿತು.

ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ಕಡೆ ತಿರುಗಿದಾಗ ಹಳದಿಯ ನಡುವೆ ಕಡುನೀಲಿ ಇಣುಕತೊಡಗಿತು. ಅಂಥ ಒಂದು ಗಡಿಯಲ್ಲಿ ಇಳಿದು ಹೊಲದಲ್ಲಿದ್ದ ಅಜ್ಜನನ್ನು ಕೇಳಿದೆ. "ಇಲ್ಲೀತನಕ ಮಸಾರಿ, ಆ ಬದುವಿನಾಚೆ ಎರಿ ನೋಡ್ರಿ" ಎಂದರು. ಮಸಾರಿ ಎಂಬ ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡು ನೀಲಿ ಬೆಳಕನ್ನು ಹೀರಿ ಕೆಂಪನ್ನು ಮರಳಿಸುತ್ತದೆ. ಎರಿ ಎಂಬ ಕಪ್ಪು ಮಣ್ಣಿನ ಜೇಡಿ ಅವಕೆಂಪಿನ ಒಂದು ಪಟ್ಟಿಯನ್ನು ನುಂಗುತ್ತದೆ. ಏಳುನೂರು ಕಿಲೋಮೀಟರ್ ಎತ್ತರದಿಂದ ಉಪಗ್ರಹ ಕಂಡದ್ದು ಅಜ್ಜನ ಬದುವಿಗೇ ಬಂದು ನಿಂತಿತ್ತು.

ಹರಪನಹಳ್ಳಿಯ ದಾರಿಯಲ್ಲಿ ಚಿತ್ರದ ಕಿರಿದಾದ ಕಪ್ಪುಗೆರೆಯೊಂದನ್ನು ಹುಡುಕಿ ನಡೆದೆ. ಉದ್ದಕ್ಕೆ ಹರಡಿದ ಕರಿಕಲ್ಲಿನ ದಿಬ್ಬ ಸಿಕ್ಕಿತು: ಹಳೆಯ ಬಿರುಕಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಡಾಲರೈಟ್ ಡೈಕು. ಇಂಥ ಗೋಡೆ ನೆಲದೊಳಗಿನ ನೀರಿನ ಹರಿವನ್ನು ತಡೆಯಬಲ್ಲದು. ಒಂದು ಮಗ್ಗುಲಲ್ಲಿ ನೀರು ಕೂಡಿದರೆ ಇನ್ನೊಂದು ಒಣಗಿರಬಹುದು. ಬೋರ್‌ವೆಲ್‌ಗೆ ಸಾಲ ಮಾಡುವ ಈ ನಾಡಿನಲ್ಲಿ ಆ ಗೆರೆಯ ಬೆಲೆ ಎಷ್ಟು ದೊಡ್ಡದು!

ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾನು ಸುತ್ತಿದ ಈ ಐದೂ ತಾಲ್ಲೂಕುಗಳ ಕಾಲೇಜು ಮಕ್ಕಳು ತಮ್ಮೂರಿನ ಲೆಕ್ಕವನ್ನು ತಾವೇ ಮಾಡಲಿ. ಆ ಹಾಳೆ ಹಿಡಿದು ಹೊಲಕ್ಕಿಳಿದು ಹಿರಿಯರ ಜೊತೆ ಕೂತು ತಾಳೆ ನೋಡಲಿ. ಪಂಚಾಯಿತಿಯ ಗೋಡೆಯ ಮೇಲೆ ಅಂಥ ನಕ್ಷೆ ತೂಗಿದರೆ, ಎಲ್ಲಿ ಕೊರೆಯಬೇಕು ಎಂಬ ಮಾತು ಊರಿನವರ ನಡುವೆಯೇ ಶುರುವಾಗುತ್ತದೆ.