ಸೌಂಡ್‌ಬಾರಿನ ಮೌನವ್ರತ

ಭಾನುವಾರ ಸಂಜೆ, ಧಾರಾವಾಹಿಯ ನಡುಮಧ್ಯೆ ಸೌಂಡ್‌ಬಾರು ಮೌನವ್ರತ ಹಿಡಿಯಿತು. ಟಿ.ವಿ.ಯಲ್ಲಿ ಅತ್ತೆ ಸೊಸೆಯರು ಬಾಯಿ ಆಡಿಸುತ್ತಿದ್ದಾರೆ, ಸದ್ದಿಲ್ಲ. ಸೌಂಡ್‌ಬಾರಿನ ಪುಟ್ಟ ಕಿಟಕಿಯಲ್ಲಿ 'ಪ್ರೊಟೆಕ್ಟ್' ಎಂಬ ಪದ ಮಿನುಗುತ್ತಿತ್ತು.

ಅದನ್ನು ಕೊಂಡಿದ್ದೇ ಅಜ್ಜಿಗಾಗಿ. ಟಿ.ವಿ.ಗಳು ಗೋಡೆಯ ಕ್ಯಾಲೆಂಡರಿನಂತೆ ತೆಳ್ಳಗಾದ ಮೇಲೆ ಅವುಗಳಲ್ಲಿ ಒಳ್ಳೆಯ ಸ್ಪೀಕರಿಗೆ ಜಾಗ ಉಳಿದಿಲ್ಲ. ಇರುವ ಪುಟಾಣಿಗಳೂ ಬಹುಪಾಲು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿ ಗೋಡೆಗೆ ಕಥೆ ಹೇಳುತ್ತವೆ. ಕಿವಿ ಮಂದವಾದ ಅಜ್ಜಿಗೆ ಸಂಗೀತ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. 'ಏನಂದ?' ಎಂದು ಕೇಳಿ ಕೇಳಿ, ಮನೆಯವರ ಬೇಸರ ಕಂಡು, ಕೊನೆಗೆ ಕೇಳುವುದನ್ನೇ ಬಿಟ್ಟಿದ್ದರು. ಸೌಂಡ್‌ಬಾರು ಬಂದ ಮೇಲೆ ಮತ್ತೆ ಎಲ್ಲರ ಜೊತೆ ನಗತೊಡಗಿದ್ದರು.

ಹಿಂದಿನ ರಾತ್ರಿ ಹತ್ತನೇ ತರಗತಿಯ ಮಗ ತನ್ನ ಮೊಬೈಲನ್ನು ಬ್ಲೂಟೂತಿನಲ್ಲಿ ಅದಕ್ಕೆ ಜೋಡಿಸಿ ಹಾಡು ಹಾಕಿದ್ದ. ಅಪ್ಪನಿಗೆ ಅಷ್ಟು ಸಾಕಾಯಿತು. 'ಓದು ಬಿಟ್ಟು ಎಲ್ಲದಕ್ಕೂ ಕೈ ಹಾಕ್ತೀಯ!' ವಿಚಾರಣೆಯಿಲ್ಲದೆ ತೀರ್ಪು. ರೋಷದಲ್ಲಿ ಟಿ.ವಿ.ಯ ಹಿಂದಿನ ತಂತಿಗಳನ್ನೆಲ್ಲ ಕಿತ್ತು, ಕೈಗೆ ಸಿಕ್ಕ ತೂತುಗಳಿಗೆ ಚುಚ್ಚಿ, ಅಂಗಳಕ್ಕೆ ಹೋಗಿ ಕೂತರು. ಹುಡುಗ ಎದುರಾಡಲಿಲ್ಲ. ತಾನೇ ಕೆಡಿಸಿದೆನೇನೋ ಎಂಬ ಅಳುಕು ಅವನಿಗೂ ಇತ್ತು.

ಅವನು ಡಬ್ಬಿಯ ತಳದಲ್ಲಿದ್ದ ಕೈಪಿಡಿ ಹುಡುಕಿದ. (ಈ ಕೈಪಿಡಿಗಳನ್ನು ವಸ್ತು ಕೆಟ್ಟ ದಿನವಲ್ಲದೆ ಬೇರೆ ದಿನ ಓದಿದವರುಂಟೇ?) ಆ ಪದ ಬಂದರೆ ಯಂತ್ರ ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಂತಿದೆ ಎಂದರ್ಥವಂತೆ; ಪ್ಲಗ್ ತೆಗೆದು, ಗಾಳಿ ಕಿಂಡಿ ಮುಚ್ಚಿದೆಯೇ ನೋಡಬೇಕಂತೆ. ನೋಡಿದ. ದೂಳು ಕೂರಬಾರದೆಂದು ಅಜ್ಜಿಯೇ ಹೆಣೆದ ಕ್ರೋಶಾ ಹೊದಿಕೆ, ಅದರ ಮೇಲೊಂದು ಮಡಿಸಿದ ಟವೆಲ್ಲು! ಸೌಂಡ್‌ಬಾರಿನ ಬೆನ್ನು ಇನ್ನೂ ಬೆಚ್ಚಗಿತ್ತು. ಎರಡನ್ನೂ ತೆಗೆದಿಟ್ಟು, ಅದು ತಣ್ಣಗಾಗುವವರೆಗೆ ಕಾದ.

ಮತ್ತೆ ಹಚ್ಚಿದಾಗ ಪದ ಹೋಗಿತ್ತು, ಸದ್ದು ಮಾತ್ರ ಬರಲಿಲ್ಲ. ಈ ಸಲದ ತಪ್ಪು ಅಪ್ಪನದು. ಟಿ.ವಿ.ಯಲ್ಲಿ ಎಚ್‌ಡಿಎಂಐ ತೂತುಗಳು ಮೂರಿದ್ದವು, ನೋಡಲು ಒಂದೇ ಥರ. ಅವು ಸೆಟ್‌ಟಾಪ್ ಬಾಕ್ಸಿನಂಥವುಗಳಿಂದ ಚಿತ್ರ, ಧ್ವನಿಗಳನ್ನು ಒಳಕ್ಕೆ ತೆಗೆದುಕೊಳ್ಳಲು ಇರುವಂಥವು. ಧ್ವನಿಯನ್ನು ಅದೇ ತಂತಿಯಲ್ಲಿ ಹಿಂದಕ್ಕೆ ಕಳಿಸುವ ಏರ್ಪಾಡು ಬಂದದ್ದು 2009ರಲ್ಲಿ, ಎಚ್‌ಡಿಎಂಐ 1.4ರೊಂದಿಗೆ. ಅದರ ಹೆಸರು ಎಆರ್‌ಸಿ. ಸಾಮಾನ್ಯವಾಗಿ ಒಂದೇ ತೂತಿಗೆ ಆ ಶಕ್ತಿ, ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತದೆ. ಅಪ್ಪ ಚುಚ್ಚಿದ್ದು ಅದರ ನೆರೆಯದಕ್ಕೆ. ಹುಡುಗ ಟಾರ್ಚು ಹಿಡಿದು ಬದಲಿಸಿದ. ಸೌಂಡ್‌ಬಾರನ್ನು ಬ್ಲೂಟೂತಿನಿಂದ ಟಿ.ವಿ.ಗೆ ತಿರುಗಿಸಿದ. ಮಾತು ಬಂತು! ಸಿನಿಮಾ ಆ್ಯಪಿನಲ್ಲಿ ಮಾತ್ರ ಇನ್ನೂ ಮೌನ, ಟಿ.ವಿ.ಯ ಧ್ವನಿ ಸೆಟ್ಟಿಂಗನ್ನು 'ಪಿಸಿಎಂ'ಗೆ ಇಟ್ಟ ಮೇಲೆ ಅದೂ ಸರಿಹೋಯಿತು. ಸೌಂಡ್‌ಬಾರಿಗೆ ಅರ್ಥವಾಗದ ಭಾಷೆಯನ್ನು ಟಿ.ವಿ. ಬಿಡಿಸಿ ಹೇಳಿದಂತೆ ಇದು.

ಸದ್ದು ಕೇಳಿ ಅಪ್ಪ ಒಳಬಂದರು. ಕುರ್ಚಿಯ ಮೇಲಿದ್ದ ಹೊದಿಕೆಯನ್ನೂ ಟವೆಲ್ಲನ್ನೂ ಕಂಡರು, ಕೈಪಿಡಿಯ ತೆರೆದ ಪುಟ ನೋಡಿದರು. ಅಜ್ಜಿಯ ದೃಷ್ಟಿಯೂ ಹೊದಿಕೆಯ ಮೇಲೇ ಇತ್ತು.

'ನಾನು ಮುಚ್ಚಿದ್ದಕ್ಕೇ ಕೆಟ್ಟಿತೇನೋ?' ಅಂದರು ಮೆಲ್ಲಗೆ.

'ಇಲ್ಲಜ್ಜಿ, ವಯರು ತಪ್ಪು ಕಡೆ ಇತ್ತು' ಅಂದ ಮಗ.

ಅಪ್ಪ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ, 'ಹೌದಮ್ಮ, ನಾನೇ ತಪ್ಪು ಚುಚ್ಚಿದ್ದೆ' ಎಂದು ಹೊದಿಕೆಯನ್ನು ಮಡಿಸಿ, ಮೂಲೆಯ ಹಳೆಯ ಹೊಲಿಗೆ ಯಂತ್ರಕ್ಕೆ ಹೊದಿಸಿದರು.