ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ: ಪರಶ್ಶಿನಿಕಡವಿನಲ್ಲಿ ಒಂದು ದಿನ

ಕಳೆದ ವರ್ಷ ಓಣಂ ರಜೆ ಮುಗಿದು ಶಾಲೆ ತೆರೆದಾಗ ನಾಲ್ಕನೆಯ ತರಗತಿಯ ಮಕ್ಕಳಿಗೆ 'ನಾನು ರಜೆಯನ್ನು ಕಳೆದ ಬಗೆ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಿಸಿದ್ದೆ. ನಮ್ಮದು ಚಿಕ್ಕ ಶಾಲೆ. ಮುಖ್ಯೋಪಾಧ್ಯಾಯನಾದವನೂ ಪಾಠ ಮಾಡಬೇಕು, ಪುಸ್ತಕ ತಿದ್ದಬೇಕು. ಆ ರಾತ್ರಿ ಒಂದೊಂದೇ ಪುಸ್ತಕವನ್ನು ತಿದ್ದುತ್ತ ಬಂದವನು ಒಂದು ಪುಟದಲ್ಲಿ ನಿಂತುಬಿಟ್ಟೆ. 'ನನ್ನ ಅಪ್ಪ ನನ್ನನ್ನು ಬೆಂಗಳೂರಿನ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋದರು. ನಾವು ನೀರಿನಲ್ಲಿ ಜಾರಿದೆವು. ತುಂಬಾ ಖುಷಿಯಾಯಿತು' ಎಂದು ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು.

ಬರೆದವನು ನನ್ನ ತಮ್ಮನ ಮಗ. ತಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಸುಳ್ಳನ್ನು ತಿದ್ದುವುದು ಉಪಾಧ್ಯಾಯನ ಕರ್ತವ್ಯವೆಂದು ತರಬೇತಿಯ ಕಾಲದಲ್ಲಿ ಕಲಿತವನು ನಾನು. ಆದರೆ ಅಂದು ಕೆಂಪು ಶಾಯಿಯ ಪೆನ್ನು ಏಳಲಿಲ್ಲ. ಒಂದು ಕಾಗುಣಿತದ ತಪ್ಪನ್ನು ಮಾತ್ರ ತಿದ್ದಿ, ಹತ್ತಕ್ಕೆ ಎಂಟು ಅಂಕ ಕೊಟ್ಟು ಪುಸ್ತಕ ಮುಚ್ಚಿದೆ. ಈ ಮಗುವನ್ನು ಇಂತಹ ಒಂದು ವಿಹಾರಧಾಮಕ್ಕೆ ಕರೆದೊಯ್ಯಲೇಬೇಕೆಂದು ಮನಸ್ಸು ನಿಶ್ಚಯಿಸಿದ್ದು ಆ ರಾತ್ರಿ.

ನಿಶ್ಚಯ ಸುಲಭ, ಹಣ ಕಷ್ಟ. ತಿಂಗಳ ಸಂಬಳ ಬರುವವನಿಗೆ ಏನು ಕೊರತೆ ಎಂದು ಕೆಲವರು ಕೇಳಬಹುದು. ತಮ್ಮನ ಚಿಕಿತ್ಸೆಗೆಂದು ಮಾಡಿದ ಸಾಲದ ಕಂತು, ಮಗಳ ಓದು, ತಾಯಿಯವರ ಔಷಧ, ಇವುಗಳನ್ನು ಕಳೆದ ಮೇಲೆ ತಿಂಗಳಿಗೆ ಒಂದು ಸಾವಿರ ರೂಪಾಯಿಗಿಂತ ಹೆಚ್ಚು ಎತ್ತಿಡುವುದು ನಮ್ಮಿಂದಾಗದು. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಏಳು ತಿಂಗಳು. ಏಳು ಸಾವಿರ ರೂಪಾಯಿ. ಇದೇ ನಮ್ಮ ಬಂಡವಾಳ. ಮನೆಯಲ್ಲಿ ಆರು ಮಂದಿ: ತಾಯಿಯವರು, ನಾನು, ಮನೆಯಾಕೆ, ಹೈಯರ್ ಸೆಕೆಂಡರಿಯಲ್ಲಿ ಓದುವ ಮಗಳು, ತಮ್ಮನ ಹೆಂಡತಿ ಮತ್ತು ಈ ಹುಡುಗ.

ಯೋಜನೆಯ ಭಾರವನ್ನು ಮಗಳಿಗೆ ಒಪ್ಪಿಸಿದೆ. ಅವಳು ಒಂದು ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಮೂರು ಸ್ಥಳಗಳ ಹೆಸರು ಬರೆದಳು. ಮೊದಲನೆಯದು ಹುಡುಗನ ಕನಸಿನ ತಾಣ: ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ. ಎರಡನೆಯದು ಅದೇ ಸಂಸ್ಥೆಯವರು ಅದಕ್ಕೂ ಮೊದಲು, 2000ದಲ್ಲಿ, ಕೊಚ್ಚಿಯ ಹೊರವಲಯದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ತೆರೆದ ತಾಣ. ಈಗ ಅದಕ್ಕೂ ವಂಡರ್‌ಲಾ ಎಂದೇ ಹೆಸರು. ಮೂರನೆಯದು ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನಲ್ಲಿ 2008ರಿಂದ ನಡೆಯುತ್ತಿರುವ 'ವಿಸ್ಮಯ'. ಇದು ಒಂದು ಸಹಕಾರಿ ಸಂಘದ ಉದ್ಯಮ.

ಇಂತಹ ವಿಹಾರಧಾಮಗಳ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿ 1955ರ ಜುಲೈಯಲ್ಲಿ ಡಿಸ್ನಿಲ್ಯಾಂಡನ್ನು ತೆರೆದನು. ನಮ್ಮ ದೇಶದಲ್ಲಿ 1984ರಲ್ಲಿ ದೆಹಲಿಯಲ್ಲಿ ಅಪ್ಪು ಘರ್ ಆರಂಭವಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿಯ ಹೆಸರು ಅದಕ್ಕೆ. ಆ ಅಪ್ಪು ಘರ್ 2008ರಲ್ಲಿ ಮುಚ್ಚಿಹೋಯಿತು. ಶಾಲೆಯಲ್ಲಿ ಓದುತ್ತಿದ್ದಾಗ ಅದರ ಚಿತ್ರವನ್ನು ಪತ್ರಿಕೆಯಲ್ಲಿ ಕಂಡು ಕತ್ತರಿಸಿಟ್ಟುಕೊಂಡಿದ್ದೆ. ನೋಡುವ ಯೋಗ ಬರಲಿಲ್ಲ.

ಮಗಳ ಲೆಕ್ಕ ಒಂದು ಮುಖ್ಯ ಪಾಠವನ್ನು ನನಗೆ ಕಲಿಸಿತು. ನಾವು ಸಾಮಾನ್ಯವಾಗಿ ಪ್ರವೇಶದ ಟಿಕೆಟಿನ ದರವನ್ನು ನೋಡಿ ಇದು ದುಬಾರಿ, ಅದು ಅಗ್ಗ ಎನ್ನುತ್ತೇವೆ. ಅದು ಸರಿಯಲ್ಲ. ಲೆಕ್ಕವನ್ನು ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ ಹಾಕಬೇಕು. ಬೆಂಗಳೂರಿಗಾಗಲಿ ಕೊಚ್ಚಿಗಾಗಲಿ ಹೊರಟರೆ ಪ್ರಯಾಣದಲ್ಲಿ ಎರಡು ರಾತ್ರಿ, ಕೊನೆಯ ಪಕ್ಷ ಒಂದು ದಿನದ ವಸತಿ, ಆರು ಮಂದಿಯ ಐದಾರು ಹೊತ್ತಿನ ಊಟ, ಊರೊಳಗಿನ ಓಡಾಟ, ಇವೆಲ್ಲ ಸೇರಿ ಟಿಕೆಟಿನ ಹಣವನ್ನೂ ಮೀರುತ್ತವೆ. ಪರಶ್ಶಿನಿಕಡವಾದರೆ ಬೆಳಗ್ಗೆ ಹೊರಟು ರಾತ್ರಿ ಹಿಂದಿರುಗಬಹುದು.

ರಾತ್ರಿ ಊಟವಾದ ಮೇಲೆ ಮಗಳು ಲೆಕ್ಕವನ್ನು ಗಟ್ಟಿಯಾಗಿ ಓದಿದಳು. ಆರು ಟಿಕೆಟು ಕೊಂಡರೆ ಹಣ ಸಾಲದೆಂಬುದು ಎಲ್ಲರಿಗೂ ತಿಳಿಯಿತು. ಚಾಪೆಯ ಮೇಲೆ ಮಲಗಿದ್ದ ಹುಡುಗ ಎದ್ದು ಕುಳಿತು, "ದೊಡ್ಡಪ್ಪ, ನಾನು ಅಜ್ಜಿಯ ಜತೆ ಮನೆಯಲ್ಲಿರ್ತೇನೆ. ಒಂದು ಟಿಕೆಟ್ ಉಳಿಯುತ್ತದಲ್ಲ" ಎಂದ. ಯಾರೂ ಮಾತನಾಡಲಿಲ್ಲ. ಯಾರಿಗಾಗಿ ಈ ಯೋಜನೆಯೋ ಅವನೇ ತನ್ನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದ. ಮಕ್ಕಳೆದುರು ಲೆಕ್ಕ ಓದುವುದು ಒಳ್ಳೆಯ ಶಿಕ್ಷಣವೆಂದು ನಂಬಿದ್ದ ನನಗೆ, ಕೆಲವು ಮಕ್ಕಳು ಆ ಪಾಠವನ್ನು ಅದಾಗಲೇ ಕಲಿತಿರುತ್ತಾರೆಂದು ಹೊಳೆದಿರಲಿಲ್ಲ.

ತೊಡಕನ್ನು ಬಿಡಿಸಿದವರು ತಾಯಿಯವರು. "ಪರಶ್ಶಿನಿಯಲ್ಲಿ ಮುತ್ತಪ್ಪನ ಸ್ಥಾನ ಇದೆಯಲ್ಲ, ನನ್ನನ್ನು ಅಲ್ಲಿ ಬಿಡಿ. ನೀರಿನಲ್ಲಿ ಜಾರುವ ಪ್ರಾಯವೇ ನನಗೆ?" ಎಂದರು. "ಅತ್ತೆಯವರ ಜತೆ ನಾನಿರುತ್ತೇನೆ" ಎಂದಳು ಮನೆಯಾಕೆ. ಹೀಗೆ ಟಿಕೆಟು ನಾಲ್ಕಕ್ಕೆ ಇಳಿಯಿತು. ಹುಡುಗನ ತಾಯಿ ತಾನೂ ದೇವಸ್ಥಾನದಲ್ಲೇ ಉಳಿಯುತ್ತೇನೆಂದು ಹಟ ಹಿಡಿದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

ದಿನವನ್ನು ಆರಿಸುವುದರಲ್ಲಿಯೂ ಉಳಿತಾಯವುಂಟು. ಭಾನುವಾರ, ಹಬ್ಬದ ರಜೆಗಳಲ್ಲಿ ಜನಸಂದಣಿ ಹೆಚ್ಚು; ಒಂದು ಆಟಕ್ಕೆ ಅರ್ಧ ಗಂಟೆ ಕಾದರೆ ಕೊಟ್ಟ ಹಣಕ್ಕೆ ಅರ್ಧ ದಿನವೇ ನಷ್ಟ. ಮಳೆಗಾಲ ನಮ್ಮ ಕರಾವಳಿಯಲ್ಲಿ ಹೇಳಿದ ಮಾತಲ್ಲ. ಆದುದರಿಂದ ವಾರ್ಷಿಕ ಪರೀಕ್ಷೆ ಮುಗಿದು, ವಿಷುವಿನ ಗದ್ದಲ ಆರಂಭವಾಗುವ ಮೊದಲು, ಏಪ್ರಿಲ್ ಮೊದಲ ವಾರದ ಮಂಗಳವಾರವನ್ನು ಗೊತ್ತುಪಡಿಸಿದೆವು.

ಅಂದು ನಸುಕಿನಲ್ಲಿ ಪಯಸ್ವಿನಿ ಹೊಳೆಯ ಬದಿಯ ನಮ್ಮ ಗ್ರಾಮದಿಂದ ಮೊದಲ ಬಸ್ಸಿನಲ್ಲಿ ಕಾಸರಗೋಡಿಗೆ ಬಂದು, ದಕ್ಷಿಣಕ್ಕೆ ಹೋಗುವ ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಕುಳಿತೆವು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಅರ್ಧ ಟಿಕೆಟು. ಆರು ಮಂದಿಯ ಹೋಗಿಬರುವ ರೈಲಿನ ಖರ್ಚೆಲ್ಲ ಸೇರಿ ವಿಹಾರಧಾಮದ ಒಂದು ಟಿಕೆಟಿನ ಬೆಲೆಯನ್ನೂ ಮುಟ್ಟಲಿಲ್ಲ. ಚಂದ್ರಗಿರಿ ಹೊಳೆಯನ್ನು ದಾಟುವಾಗ ತಾಯಿಯವರು ಕೈಮುಗಿದರು. ಇದೇ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದ್ದು ಓದುಗರಿಗೆ ತಿಳಿದ ಸಂಗತಿ. ಹೊಳೆ ದಾಟಿದ ಮೇಲೆ ಡಬ್ಬಿಯೊಳಗೆ ತುಳು, ಕನ್ನಡಗಳ ಧ್ವನಿ ಕ್ರಮೇಣ ಕಡಿಮೆಯಾಗಿ ಮಲಯಾಳ ತುಂಬಿಕೊಂಡಿತು. ನಿಲ್ದಾಣಗಳ ಫಲಕಗಳ ಮಲಯಾಳ ಲಿಪಿಯನ್ನು ಹುಡುಗ ಅಜ್ಜಿಗೆ ಓದಿಹೇಳುತ್ತಿದ್ದ: ನೀಲೇಶ್ವರ, ಪಯ್ಯನ್ನೂರು, ಏಳಿಮಲೆ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕಣ್ಣೂರೇ ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ನನ್ನ ತಂದೆಯವರು ಅರ್ಜಿಗಳನ್ನು ಹಿಡಿದುಕೊಂಡು ಇದೇ ದಾರಿಯಲ್ಲಿ ಹೋಗಿಬರುತ್ತಿದ್ದರು. ವಿಹಾರಕ್ಕೆಂದು ಈ ದಾರಿಯಲ್ಲಿ ಹೊರಟವರು ನಮ್ಮ ಮನೆತನದಲ್ಲಿ ನಾವೇ ಮೊದಲಿಗರು.

ಕಣ್ಣೂರಿನಲ್ಲಿ ಇಳಿದು ಬಸ್ಸು ಹಿಡಿದೆವು. ವಳಪಟ್ಟಣಂ ಹೊಳೆಯ ದಂಡೆಯಲ್ಲಿರುವ ಮುತ್ತಪ್ಪನ ಕ್ಷೇತ್ರ ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದದ್ದು. ಬಾಗಿಲ ಇಕ್ಕೆಲಗಳಲ್ಲಿ ಕಂಚಿನ ನಾಯಿಗಳಿವೆ. ನಾಯಿ ಮುತ್ತಪ್ಪನಿಗೆ ಪ್ರಿಯ. ಆದುದರಿಂದ ಜೀವಂತ ನಾಯಿಗಳೂ ಅಲ್ಲಿ ನಿರ್ಭಯವಾಗಿ ಓಡಾಡುತ್ತವೆ. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿಯ ಚೂರು ಮತ್ತು ಚಹಾ ಪ್ರಸಾದ. ಮಧ್ಯಾಹ್ನ ಅನ್ನದಾನವೂ ಉಂಟು. ನಮ್ಮ ಬೆಳಗಿನ ಉಪಾಹಾರ ಅಲ್ಲೇ ಆಯಿತು. ತಾಯಿಯವರನ್ನೂ ಮನೆಯಾಕೆಯನ್ನೂ ಹೊಳೆಯ ಗಾಳಿ ಬೀಸುವ ನೆರಳಿನಲ್ಲಿ ಕೂರಿಸಿ ನಾವು ನಾಲ್ವರು ವಿಸ್ಮಯದ ಕಡೆಗೆ ಹೊರಟೆವು.

ಒಂದು ವಿನೋದವನ್ನು ಹೇಳಬೇಕು. ರೈಲಿನವರು ಮಗುವಿನ ಪ್ರಾಯವನ್ನು ಕೇಳುತ್ತಾರೆ; ವಿಹಾರಧಾಮಗಳವರು ಸಾಮಾನ್ಯವಾಗಿ ಎತ್ತರವನ್ನು ಅಳೆಯುತ್ತಾರೆ. ಟಿಕೆಟಿನ ಕಿಟಕಿಯ ಬಳಿ ಹುಡುಗ ತುಸು ಗಿಡ್ಡವಾಗಿ ಕಾಣಲಿ ಎಂದು ನನ್ನ ಮನಸ್ಸು ಬಯಸಿತು. ಒಳಗೆ ಒಂದು ಆಟದ ಬಾಗಿಲಲ್ಲಿ ಅವನು ಎತ್ತರವಾಗಿ ಕಾಣಲೆಂದು ಕಾಲ ಬೆರಳುಗಳ ಮೇಲೆ ನಿಂತ. ಕಾವಲಿನ ಯುವಕ ನಕ್ಕು, ಹಿಮ್ಮಡಿಯನ್ನು ನೆಲಕ್ಕೂರಿಸಿ, ಮತ್ತೆ ಅಳೆದು ಒಳಗೆ ಬಿಟ್ಟ.

ಅಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಯಂತ್ರಗಳಲ್ಲ, ನೀರು. ಮಳೆಗಾಲದ ನೀರನ್ನು ವಿಶಾಲವಾದ ಕೆರೆಯಲ್ಲಿ ಸಂಗ್ರಹಿಸಿ, ಶುದ್ಧೀಕರಿಸಿ ಆಟಗಳಿಗೆ ಬಳಸುತ್ತಾರೆ. ನಮ್ಮ ಹಿರಿಯರು ಸುರಂಗ ಕೊರೆದು, ಹೊಳೆಗೆ ಕಟ್ಟ ಕಟ್ಟಿ ನೀರನ್ನು ಕಾಪಾಡಿದವರು. ಮಕ್ಕಳಿಗೆ ಅದನ್ನು ನೆನಪಿಸಲು ಒಳ್ಳೆಯ ಅವಕಾಶವಾಯಿತು. ನನ್ನ ಪಾಠವನ್ನು ಮಗಳು ತಾಳ್ಮೆಯಿಂದ ಕೇಳಿದಳು, ಹುಡುಗ ಕೇಳಲಿಲ್ಲ. ಅವನ ಕಣ್ಣು ಅಲೆಗಳ ಕೊಳದ ಮೇಲಿತ್ತು. ಇಂತಹ ಕೊಳಗಳಲ್ಲಿ ಯಂತ್ರದ ಬಲದಿಂದ ಒಂದು ತುದಿಯ ನೀರನ್ನು ಒತ್ತಿ ಅಲೆಯನ್ನು ಎಬ್ಬಿಸುತ್ತಾರೆ. ಅದು ಇಳಿಜಾರಾದ ಇನ್ನೊಂದು ತುದಿಗೆ ಬಂದು ಒಡೆಯುತ್ತದೆ. ಕಡಲ ಜಿಲ್ಲೆಯವರು ಹಣ ಕೊಟ್ಟು ಅಲೆಗಳನ್ನು ನೋಡುವುದೇ ಎಂದು ನಾನು ಹಾಸ್ಯ ಮಾಡಿದೆ. ಆದರೆ ಮೊದಲ ಅಲೆ ಬಂದಾಗ, ಮೆಟ್ಟಿಲಲ್ಲೇ ನಿಲ್ಲುತ್ತೇನೆಂದಿದ್ದ ತಮ್ಮನ ಹೆಂಡತಿಯನ್ನು ಹುಡುಗ ಕೈಹಿಡಿದು ಎಳೆದ. ಅವಳು ಮುಗ್ಗರಿಸಿ, ನೀರು ಕುಡಿದು, ಎದ್ದು ನಿಂತು ಗಟ್ಟಿಯಾಗಿ ನಕ್ಕಳು. ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಕೇಳದಿದ್ದ ನಗು ಅದು. ಏಳು ಸಾವಿರ ರೂಪಾಯಿಯ ಲೆಕ್ಕವನ್ನು ನಾನು ಅಲ್ಲಿಯೇ ಮುಗಿಸಿದೆ.

ಸಂಜೆ ಎಲ್ಲರೂ ಕ್ಷೇತ್ರದಲ್ಲಿ ಕೂಡಿ ವೆಳ್ಳಾಟವನ್ನು ನೋಡಿದೆವು. ಭೂತಕೋಲಗಳನ್ನು ಕಂಡು ಬೆಳೆದ ನಮಗೆ ಮುತ್ತಪ್ಪನ ತೆಯ್ಯಂ ಅಪರಿಚಿತವೆನಿಸದು. ಆದರೆ ಇಲ್ಲಿ ದೈವ ಪ್ರತಿದಿನವೂ ಜನರ ಬಳಿಗೆ ಬಂದು ಮಾತನಾಡುತ್ತದೆ. ತಾಯಿಯವರು ತಮ್ಮ ಸರದಿ ಬಂದಾಗ ತುಳುವಿನಲ್ಲಿ ಮಗನ ಸುದ್ದಿಯನ್ನು ಹೇಳಿಕೊಂಡರು. ದೈವ ಅವರ ಕೈಹಿಡಿದು ಮಲಯಾಳದಲ್ಲಿ ಉತ್ತರಿಸಿತು. ಏನು ಹೇಳಿತೆಂದು ಹುಡುಗ ಕೇಳಿದಾಗ, "ನನಗೆ ಗೊತ್ತಾಯಿತು, ಸಾಕು" ಎಂದರು.

ಯೋಜನೆಯಲ್ಲಿ ಒಂದು ತಪ್ಪು ಉಳಿದಿತ್ತು. ರಾತ್ರಿಯ ರೈಲಿನಿಂದ ಕಾಸರಗೋಡಿನಲ್ಲಿ ಇಳಿಯುವಾಗ ನಮ್ಮೂರಿನ ಕೊನೆಯ ಬಸ್ಸು ಹೋಗಿರುತ್ತದೆಂಬುದನ್ನು ನಾನು ಮರೆತಿದ್ದೆ. ಜೀಪಿಗೆ ಆರುನೂರು ರೂಪಾಯಿ ತೆರಬೇಕಾಯಿತು. "ಮನೆಯ ಬಾಗಿಲಿನವರೆಗೆ ಎಂದು ಹೇಳಿದವರು ನೀವೇ ಅಲ್ಲವೇ ಅಪ್ಪ?" ಎಂದು ಮಗಳು ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಂಡಳು. ಎಲ್ಲ ಕಳೆದು ಉಳಿದದ್ದು ನೂರನಲವತ್ತು ರೂಪಾಯಿ.

ಹೊರಡಬೇಕೆಂದಿರುವ ಕುಟುಂಬಗಳಿಗೆ ಕೆಲವು ಸೂಚನೆಗಳು. ಅಂದಿನ ದರವನ್ನೂ, ಹಿರಿಯರಿಗೆ, ವಿದ್ಯಾರ್ಥಿಗಳಿಗೆ, ಗುಂಪುಗಳಿಗೆ ರಿಯಾಯಿತಿ ಉಂಟೋ ಎಂಬುದನ್ನೂ ಮೊದಲೇ ಫೋನಿನಲ್ಲಿ ವಿಚಾರಿಸಿ. ಹೊರಗಿನ ಆಹಾರವನ್ನು ಇಂತಹ ತಾಣಗಳಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವಾದುದರಿಂದ ಹೊಟ್ಟೆ ತುಂಬಿಸಿಕೊಂಡೇ ಒಳಹೋಗಿ. ಕೊಳಗಳಿಗೆ ಹತ್ತಿಯ ಬಟ್ಟೆ ಸಲ್ಲದು. ನೈಲಾನಿನಂತಹ ಉಡುಪನ್ನು ಮನೆಯಿಂದಲೇ ಒಯ್ದರೆ ಬಾಡಿಗೆ ಉಳಿಯುತ್ತದೆ. ಒಟ್ಟು ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಮರೆತ ಖರ್ಚಿಗೆಂದು ಬೇರೆಯಾಗಿ ಇಡಿ. ಮರೆತದ್ದು ಒಂದಾದರೂ ಇದ್ದೇ ಇರುತ್ತದೆ.

ಜೂನ್ ತಿಂಗಳಿನಲ್ಲಿ ಶಾಲೆ ತೆರೆದಾಗ ಐದನೆಯ ತರಗತಿಗೆ ಬಂದ ಅದೇ ಮಕ್ಕಳಿಗೆ ಅದೇ ವಿಷಯವನ್ನು ಕೊಟ್ಟೆ. ಹುಡುಗ ಈ ಬಾರಿ ನೀರಿನಾಟದ ಬಗ್ಗೆ ಎರಡೇ ವಾಕ್ಯ ಬರೆದಿದ್ದ. ದೇವಸ್ಥಾನದ ನಾಯಿಯ ಬಗ್ಗೆ ಅರ್ಧ ಪುಟ ಬರೆದಿದ್ದ. ಕೊನೆಯಲ್ಲಿ ಹೀಗಿತ್ತು: 'ನಮ್ಮನ್ನು ದೊಡ್ಡಪ್ಪ ಕರೆದುಕೊಂಡು ಹೋದರು. ಅಪ್ಪ ಇದ್ದಿದ್ದರೆ ಅವರೂ ಬರುತ್ತಿದ್ದರು.'

ಕಾಗುಣಿತದ ತಪ್ಪು ಒಂದೂ ಇರಲಿಲ್ಲ.